ಅಣ್ಣಿಗೇರಿಗೆ ಬಂದ ಅಪ್ಪನ ಧಾಟಿ

ಅಣ್ಣಿಗೇರಿಗೆ ಬಂದ ಮೊದಲ ದಿನ, ರೈಲಿಳಿದು ಒಂದು ಗಂಟೆಯೊಳಗೆ, ನಾನು ಸತ್ತ ಮನುಷ್ಯನೊಬ್ಬನ ಮುಂದೆ ಮದುವೆಯ ವಾದ್ಯ ನುಡಿಸಿದೆ. ಆತ ಸತ್ತಿದ್ದಾನೆಂದು ನನಗೆ ಗೊತ್ತಿರಲಿಲ್ಲ. ಚಿಂತಾಮಣಿಯ ನನ್ನ ಜನ ಈ ಮಾತಿಗೇ ಓದುವುದನ್ನು ನಿಲ್ಲಿಸಿಯಾರು. ಆದರೆ ಎಲ್ಲ ಶುರುವಾದದ್ದು ಅಲ್ಲಿಂದಲೇ, ಹಾಗಾಗಿ ಅಲ್ಲಿಂದಲೇ ಹೇಳಬೇಕು.

ಎಂಬತ್ತರ ದಶಕ ಶುರುವಾಗಿ ಎರಡು ವರ್ಷವಾಗಿತ್ತು. ನನಗೆ ಇಪ್ಪತ್ನಾಲ್ಕು. ಚಿಂತಾಮಣಿಯಲ್ಲಿ ಅಪ್ಪನ ಬ್ಯಾಂಡಿನಲ್ಲಿ ಆಗಲೇ ಇಬ್ಬರು ಕ್ಲಾರಿನೆಟ್ಟಿನವರಿದ್ದರು: ಅಪ್ಪ ಮತ್ತು ಚಿಕ್ಕಪ್ಪ. ಮೂರನೆಯವನಾದ ನಾನು ಹೆಣ್ಣಿನ ಕಡೆಯವರು ಧಾರಾಳಿಗಳಾಗಿದ್ದರೆ ಮಾತ್ರ ಊದುತ್ತಿದ್ದೆ, ಇಲ್ಲದಿದ್ದರೆ ತಾಳದ ಜಾಲರಿ ತಟ್ಟುತ್ತಿದ್ದೆ. ಬೆಂಗಳೂರಿನ ವಾದ್ಯದ ಅಂಗಡಿಯವನೊಬ್ಬ ಅಣ್ಣಿಗೇರಿಯ ಬ್ಯಾಂಡಿಗೆ ಕ್ಲಾರಿನೆಟ್ಟಿನವನು ಬೇಕಂತೆ ಎಂದ. ಆ ಊರು ಧಾರವಾಡ ಜಿಲ್ಲೆಯಲ್ಲಿದೆ ಎಂಬುದು ಬಿಟ್ಟರೆ ನನಗೆ ಏನೂ ತಿಳಿದಿರಲಿಲ್ಲ. ಕಾರ್ಡು ಬರೆದೆ. 'ಕೂಡಲೇ ಬರಬೇಕು' ಎಂದು ಉತ್ತರ ಬಂತು. ಅಪ್ಪ ತನ್ನ ಹಳೆಯ ಕ್ಲಾರಿನೆಟ್ಟನ್ನು ಕೊಟ್ಟು, "ಮಾನವಾಗಿ ಊದು" ಎಂದಷ್ಟೇ ಹೇಳಿ ಕಳಿಸಿದ.

ಸ್ಟೇಷನ್ನಿನಲ್ಲಿ ಒಬ್ಬ ಮನುಷ್ಯ ಸೈಕಲ್ಲು ಹಿಡಿದು ನಿಂತಿದ್ದ. ನಲವತ್ತೈದರ ಆಸುಪಾಸು, ಕೆಂಪು ಕೋಟು, ಕೋಟಿನ ಕೆಳಗೆ ಧೋತರ, ಹೆಗಲಲ್ಲಿ ಟ್ರಂಪೆಟ್ಟು. ಅವರೇ ಬ್ಯಾಂಡಿನ ಯಜಮಾನ ಮೌಲಾಸಾಬರು. ನನ್ನ ಹೆಸರು ಕೂಡ ಕೇಳಲಿಲ್ಲ.

"ತಡಾ ಆಗೇತ್ರಿ, ಬರ್ರಿ ಬರ್ರಿ. ಮೊದಲ ಬಾರಸೂಣು, ಆಮ್ಯಾಲೆ ಮಾತು" ಎಂದು ನನ್ನ ಟ್ರಂಕನ್ನು ಕ್ಯಾರಿಯರಿಗೆ ಕಟ್ಟಿದರು.

ನಾನು ಅವರ ಹಿಂದೆ ಓಡಿದೆ. ಓಣಿಯ ತುಂಬ ಜನ. ಬಾಳೆಕಂದು ಕಟ್ಟಿ ಹೂವಿನಿಂದ ಸಿಂಗರಿಸಿ ಜನ ಹೆಗಲ ಮೇಲೆ ಹೊತ್ತ ಒಂದು ಮಂಟಪ, ಅದರೊಳಗೆ ಹಿರಿಯರೊಬ್ಬರು ನೆಟ್ಟಗೆ ಕುಳಿತಿದ್ದರು. ತಲೆಗೆ ರುಮಾಲು, ಹಣೆಗೆ ಅಡ್ಡ ವಿಭೂತಿ, ಎದೆ ಮುಚ್ಚುವಷ್ಟು ಹಾರ. ಜನ ಅವರ ಮೇಲೆ ಹೂವು ತೂರುತ್ತಿದ್ದರು. ಯಾರೋ ದೊಡ್ಡವರಿಗೆ ಸನ್ಮಾನ, ಅಥವಾ ಅರವತ್ತರ ಶಾಂತಿ ಎಂದುಕೊಂಡೆ. ಸನ್ಮಾನ ಮಾಡಿಸಿಕೊಳ್ಳುವವರು ಕಣ್ಣು ಮುಚ್ಚಿ ಕೂರುವುದನ್ನು ನಮ್ಮ ಕಡೆಯೂ ಕಂಡಿದ್ದೇನೆ.

"ಹೂಂ, ಏನರ ಛಲೋದು ಹಿಡೀರಿ" ಎಂದರು ಮೌಲಾಸಾಬರು. ಹೊಸ ಊರು, ಮೊದಲ ಪರೀಕ್ಷೆ. ನನಗೆ ಗೊತ್ತಿದ್ದುದರಲ್ಲಿ ಅತ್ಯಂತ ಛಲೋದು ಅಪ್ಪ ಕಟ್ಟಿದ ಬೀಗರ ನೋಟು. ನಡೆಯುತ್ತ ನುಡಿಸುವ ಬಿರುಸಿನ ಪುಟ್ಟ ರಚನೆಗೆ ನಮ್ಮ ಬ್ಯಾಂಡಿನವರು ನೋಟು ಅನ್ನುತ್ತಾರೆ, ಇಲ್ಲಿಯವರು ಧಾಟಿ ಅನ್ನುತ್ತಾರೆ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅಪ್ಪ ಅದನ್ನು ಶಂಕರಾಭರಣದಲ್ಲಿ ಕಟ್ಟಿದ್ದ. ಗಂಡಿನ ಕಡೆಯವರು ಛತ್ರದ ಬಾಗಿಲಿಗೆ ಬಂದಾಗ ಮಾತ್ರ ಅದನ್ನು ನುಡಿಸುವುದು. ಎಂಥ ಮುಖ ಗಂಟಿಕ್ಕಿಕೊಂಡ ಬೀಗನಾದರೂ ಅದಕ್ಕೆ ಒಂದು ಹೆಜ್ಜೆ ಹಗುರವಾಗಿ ಇಡಬೇಕು, ಅಂಥದು.

ಎರಡು ಸುತ್ತು ನುಡಿಸುವುದರೊಳಗೆ ಬ್ಯಾಂಡಿನ ಎಂಟೂ ಜನ ಹಿಡಿದುಕೊಂಡರು. ಓಣಿ ತಿರುಗುವಾಗ ಹೊತ್ತವರಲ್ಲಿ ಒಬ್ಬನ ಕಾಲು ಕಲ್ಲಿಗೆ ಎಡವಿತು, ಮಂಟಪ ವಾಲಿತು. ಹಿರಿಯರ ತಲೆ ಮೆಲ್ಲಗೆ ಭುಜದ ಮೇಲೆ ಬಂತು, ಅಲ್ಲೇ ನಿಂತಿತು. ಪಕ್ಕದವನೊಬ್ಬ ಕೈ ಎತ್ತಿ, ಗೋಡೆಯ ಫೋಟೋ ನೆಟ್ಟಗೆ ಮಾಡುವಂತೆ, ತಲೆಯನ್ನು ನೆಟ್ಟಗೆ ಮಾಡಿದ.

ನನ್ನ ಕ್ಲಾರಿನೆಟ್ಟು ಒಮ್ಮೆ ಕೀರಲಿ ನಿಂತೇ ಹೋಯಿತು.

"ನಿಂದರಸಬ್ಯಾಡ್ರಿ!" ಎಂದರು ಮೌಲಾಸಾಬರು, ಮಂಟಪದ ಕಡೆ ಕೈ ತೋರಿಸಿ. "ಮಾಲಿಂಗಪ್ಪನವರು ಕೇಳಾಕತ್ತಾರ!"

ನಿಲ್ಲಿಸಲಿಲ್ಲ. ಸಮಾಧಿಯ ಜಾಗದವರೆಗೂ ನುಡಿಸಿದೆ. ಅಲ್ಲಿಯವರು ಸತ್ತವರನ್ನು ಹೀಗೆ ಕೂರಿಸಿಯೇ ಮಣ್ಣಿಗೆ ಒಯ್ಯುತ್ತಾರೆಂದು ಆಮೇಲೆ ತಿಳಿಯಿತು.

ಯಾಕೆ ಅಷ್ಟು ಹೆದರಿದೆ ಎಂಬುದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ನಮ್ಮ ಮನೆಯ ಕಟ್ಟು ಇದು: ಮಂಗಳಕ್ಕೆ ನುಡಿದ ವಾದ್ಯ ಸಾವಿಗೆ ನುಡಿಯಬಾರದು. ಸಾವಿಗೆ ತಮಟೆಯುಂಟು. ಸೂತಕದ ಬೀದಿ ಎದುರಾದರೆ ಅಪ್ಪ ಬ್ಯಾಂಡನ್ನು ಸುತ್ತು ಹಾಕಿಸಿ ಕರೆದೊಯ್ಯುತ್ತಿದ್ದ. ಒಮ್ಮೆ ಸಾವಿಗೆ ಊದಿದವನನ್ನು ಮತ್ತೆ ಮದುವೆಯ ಮನೆಯವರು ಕರೆಯುವುದಿಲ್ಲ, ಕರೆದರೂ ಅಪ್ಪ ಪಕ್ಕದಲ್ಲಿ ನಿಲ್ಲಿಸಿಕೊಳ್ಳುವುದಿಲ್ಲ. ನಾನು ಊದಿದ್ದೇ ಅಲ್ಲದೆ, ಅಪ್ಪನ ವಾದ್ಯದಲ್ಲಿ, ಅಪ್ಪನ ನೋಟನ್ನೇ ಊದಿದ್ದೆ. ತಿಳಿದರೆ ಊರಿನ ಬ್ಯಾಂಡಿನ ಬಾಗಿಲು ನನಗೆ ಮುಚ್ಚಿತು ಎಂದೇ ಲೆಕ್ಕ. ಆ ಹೊತ್ತು ತೀರ್ಮಾನ ಮಾಡಿದೆ: ಮಾರನೆಯ ರೈಲಿಗೆ ಹೊರಡಬೇಕು, ಯಾರಿಗೂ ಹೇಳಬಾರದು.

ಮಾರನೆಯ ರೈಲಿಗೆ ಹೊರಡಲಿಲ್ಲ. ಮೌಲಾಸಾಬರದು ಒಂದು ಸೈಕಲ್ ರಿಪೇರಿ ಅಂಗಡಿ. ರಾತ್ರಿ ಅಲ್ಲೇ ಮಲಗಿದ್ದವನನ್ನು ಬೆಳಿಗ್ಗೆ ನೋಡಲು ಜನ ಬರತೊಡಗಿದರು. "ಮಾಲಿಂಗಪ್ಪನವರನ್ನ ಅಗದಿ ನಗಸಕೋತ ಕಳಿಸಿದ್ರಂತಲ್ರೀ ನೀವು" ಎಂದು ಒಬ್ಬರಾದ ಮೇಲೆ ಒಬ್ಬರು ಕೈ ಮುಗಿದರು. ಚಿಂತಾಮಣಿಯಲ್ಲಿ ಹತ್ತು ವರ್ಷ ಊದಿದರೂ ಯಾರೂ ನನಗೆ ಕೈ ಮುಗಿದಿರಲಿಲ್ಲ. ಹೊಗಳಿಕೆಗೆ ಸೋಲದ ಕಲಾವಿದನನ್ನು ನಾನು ಇನ್ನೂ ಕಂಡಿಲ್ಲ. ಉಳಿದುಬಿಟ್ಟೆ.

ಮನೆ ಸಿಕ್ಕಿದ್ದೂ ಆ ಧಾಟಿಯಿಂದಲೇ. ಒಂಟಿ ಗಂಡಸಿಗೆ, ಅದರಲ್ಲೂ ವಾದ್ಯದವನಿಗೆ, ಯಾರೂ ಬಾಡಿಗೆಗೆ ಕೊಡುತ್ತಿರಲಿಲ್ಲ. ಹದಿನೈದು ದಿನದ ನಂತರ ಮಾಲಿಂಗಪ್ಪನವರ ಹೆಂಡತಿ ಗಂಗವ್ವ ತಾವೇ ಅಂಗಡಿಗೆ ಬಂದರು. ಇದ್ದ ಒಬ್ಬ ಮಗಳನ್ನು ಕುಂದಗೋಳಕ್ಕೆ ಕೊಟ್ಟಿದ್ದರು, ಮನೆಯಲ್ಲಿ ಒಬ್ಬರೇ.

"ಹೊರಗಿನ ಖೋಲಿ ಖಾಲಿ ಐತಿ. ಬಂದಿರು" ಎಂದರು.

"ಅಮ್ಮಾ, ನಾನು ದಿನಾ ಎರಡು ಗಂಟೆ ಊದ್ತೀನಿ, ನಿಮಗೆ ತೊಂದರೆ ಆಗುತ್ತೆ."

"ಊದು. ನಮ್ಮನಿಯವ್ರು ನಲವತ್ತ ವರ್ಷ ಗೊರಕಿ ಹೊಡದಾರ, ನಿಂದೇನ ಹೆಚ್ಚಾತದಕ್ಕ?"

ಹೆಂಚಿನ ಮನೆಯಲ್ಲಿ ಬೆಳೆದವನಿಗೆ ಆ ಮಣ್ಣಿನ ಮಾಳಿಗೆಯ ಮನೆ ವಿಚಿತ್ರವಾಗಿತ್ತು. ಗೋಡೆ ಒಂದು ಮೊಳ ದಪ್ಪ, ಕಿಟಕಿಯೇ ಇಲ್ಲ. ಮಾಳಿಗೆಯಲ್ಲಿ ಒಂದು ತೂತು, ಅದೇ ಬೆಳಕಿಂಡಿ. ಮಳೆ ಬಂದರೆ ಗಂಗವ್ವ ಮೇಲೆ ಹತ್ತಿ ಅದರ ಮೇಲೆ ಬುಟ್ಟಿ ಕವುಚುತ್ತಿದ್ದರು, ನಾನು ಕತ್ತಲಲ್ಲಿ ಸ್ವರ ಹುಡುಕುತ್ತಿದ್ದೆ. ಆದರೆ ಆ ದಪ್ಪ ಗೋಡೆಯ ನಡುವೆ ಕ್ಲಾರಿನೆಟ್ಟಿನ ಕೆಳಗಿನ ಸ್ವರಗಳು ಎಷ್ಟು ತುಂಬಿ ನುಡಿಯುತ್ತಿದ್ದವೆಂದರೆ, ಅಂಥ ನಾದ ನನ್ನಿಂದಲೇ ಬರುತ್ತಿದೆಯೆಂದು ನಂಬಲು ನನಗೆ ವಾರ ಹಿಡಿಯಿತು.

ತೊಂದರೆಯೂ ಇತ್ತು. ಹಿಂದಿನ ಬೀದಿಯಲ್ಲಿ ಹತ್ತಿಯ ಬೀಜ ಬಿಡಿಸುವ ಜಿನ್ನು. ಸುಗ್ಗಿಯಲ್ಲಿ ಅರಳೆಯ ಎಳೆ ಗಾಳಿಯಲ್ಲಿ ತೇಲಿ ಬಂದು ಕ್ಲಾರಿನೆಟ್ಟಿನ ತೂತುಗಳಿಗೆ ಕೂರುತ್ತಿತ್ತು. ಊರಿನಲ್ಲಿ ತಿಂಗಳಿಗೊಮ್ಮೆ ಒರೆಸುತ್ತಿದ್ದವನು ಇಲ್ಲಿ ದಿನಾ ಒರೆಸಬೇಕಾಯಿತು. ಬೇಸಿಗೆಯ ಒಣ ಗಾಳಿಗೆ ರೀಡು ಸೀಳುತ್ತಿತ್ತು, ತುಟಿಯೂ ಸೀಳುತ್ತಿತ್ತು. ಸೀಳಿದ ತುಟಿಗೆ ಗಂಗವ್ವನ ಕೆಂಪು ಮೆಣಸಿನಕಾಯಿ ಚಟ್ನಿ ತಾಗಿದರೆ ಅಂದು ಊದುವ ಮಾತೇ ಇಲ್ಲ. ಮುದ್ದೆಯನ್ನು ನುಂಗಿ ಬೆಳೆದವನು ನಾನು, ರೊಟ್ಟಿಯನ್ನು ಅಗಿಯಬೇಕು. ಮೊದಲ ತಿಂಗಳು ದವಡೆ ನೋವಿಗೆ ಸ್ವರ ಹಿಡಿಯಲಾಗುತ್ತಿರಲಿಲ್ಲ. "ಬೆಣ್ಣಿ ಹಚಗೊಂಡ ತಿನ್ನಲೇ, ಬಾಯೊಳಗ ಅನ್ನ ಐತಿ ನಿಂದು" ಎಂದು ಗಂಗವ್ವ ಬೈದು ರೊಟ್ಟಿಯ ಮೇಲೆ ಬೆಣ್ಣೆ ಇಟ್ಟರು. ಊದುವ ಬಾಯಿಯೇ ನನಗೆ ಅನ್ನ ಕೊಡುವುದು ಎಂದು ಅವರ ಅರ್ಥ.

ಮಾತಿಗೆ ಹೊಂದಿಕೊಳ್ಳಲು ಇನ್ನೂ ಹೊತ್ತು ಹಿಡಿಯಿತು. ಪುಟ್ಟ ಹುಡುಗಿಯೂ ನನಗೆ "ಏಳ್ರಿ, ಕುಂದರ್ರಿ" ಎನ್ನುವಳು, ಅದು ಕೇಳಲು ಹಿತ. ಆದರೆ ಸಲುಗೆ ಬೆಳೆದ ಮೇಲೆ ಮೌಲಾಸಾಬರು ಒಂದು ದಿನ "ತಪ್ಪ ಹಿಡದೀಯಲ್ಲಲೇ ಮಗನ" ಎಂದುಬಿಟ್ಟರು. ನಮ್ಮಲ್ಲಿ ಆ ಮಾತಿಗೆ ಕೈ ಕೈ ಮಿಲಾಯಿಸುತ್ತಾರೆ. ಎರಡು ದಿನ ಅವರೊಡನೆ ಮಾತು ಬಿಟ್ಟೆ. ಮೂರನೆಯ ದಿನ ಅವರು ಚಹಾ ತಂದುಕೊಟ್ಟು "ಆರಾಮಿಲ್ಲೇನು?" ಎಂದು ಕೇಳಿದಾಗ, ಬೈದದ್ದೇ ಅವರಿಗೆ ಗೊತ್ತಿಲ್ಲವೆಂದು ತಿಳಿಯಿತು. ಶ್ರುತಿಯ ಲೆಕ್ಕವೂ ಬೇರೆ. ನಾವು ಒಂದೂವರೆ ಕಟ್ಟೆ ಎನ್ನುವುದನ್ನು ಇವರು ಹಾರ್ಮೋನಿಯಂ ಪೇಟಿಯ ಕರಿ ಮನೆ ನೋಡಿ ಕಾಳಿ ಒಂದು ಎನ್ನುತ್ತಾರೆ, ಎರಡೂವರೆ ಎಂದರೆ ಕಾಳಿ ಎರಡು. ಇನ್ನು ನನ್ನ ಹೆಸರು ಮುನಿರಾಜು ಎಂದು ಯಾರೂ ನೆನಪಿಟ್ಟುಕೊಳ್ಳಲಿಲ್ಲ. ತುಂಗಭದ್ರೆಯ ಆಚೆ ಇರುವುದೆಲ್ಲ ಇವರಿಗೆ ಮೈಸೂರು, ನಾನು ಮೈಸೂರ ಮಾಸ್ತರ. ಚಿಂತಾಮಣಿಗೂ ಮೈಸೂರಿಗೂ ಎಷ್ಟು ದೂರವೆಂದು ವಿವರಿಸಿ ವಿವರಿಸಿ ಕೈಬಿಟ್ಟೆ.

ಬ್ಯಾಂಡಿನ ವಿಷಯ ಹೇಳಬೇಕು. ಅಪ್ಪನ ಬ್ಯಾಂಡು ಒಂದು ದೇವಸ್ಥಾನವನ್ನೂ ನಾಲ್ಕು ಛತ್ರಗಳನ್ನೂ ನಂಬಿಕೊಂಡಿತ್ತು. ಮೌಲಾಸಾಬರದು ಯಾರನ್ನೂ ನಂಬಿಕೊಂಡದ್ದಲ್ಲ. ಒಬ್ಬ ಜಿನ್ನಿನಲ್ಲಿ ಹಮಾಲಿ, ಒಬ್ಬ ಕ್ಷೌರಿಕ, ಇಬ್ಬರು ಹೊಲಕ್ಕೆ ಹೋಗುವವರು. ಕರೆ ಬಂದರೆ ಕೋಟು ಹಾಕಿಕೊಂಡರು, ಬ್ಯಾಂಡಾಯಿತು. ಆ ಸೀಮೆಯಲ್ಲಿ ಓಣಿಗೊಂದು ಭಜನಾ ಮೇಳ, ಊರಿಗೊಂದು ಕರಡಿ ಮಜಲಿನ ವಾದ್ಯತಂಡ, ಹಲಗಿ ಬಡಿಯುವವರಿಗಂತೂ ಲೆಕ್ಕವಿಲ್ಲ. ಇಷ್ಟರ ನಡುವೆ ನಮ್ಮದೂ ಒಂದು. ಒಮ್ಮೆ ಹುಬ್ಬಳ್ಳಿಯಿಂದ ದೊಡ್ಡ ಬ್ಯಾಂಡಿನ ಮಾಲೀಕರೊಬ್ಬರು ಬಂದು, ನಮ್ಮೊಳಗೆ ಸೇರಿಕೊಳ್ಳಿ, ಹೊಸ ಡ್ರೆಸ್ಸು, ವರ್ಷವಿಡೀ ಮದುವೆ ಕೊಡಿಸುತ್ತೇನೆ ಎಂದರು. ಒಂದೇ ಷರತ್ತು: ಸಾವಿಗೆ ಹೋಗಬಾರದು, ಪೇಟೆಯ ಗಿರಾಕಿಗಳಿಗೆ ಹಿಡಿಸುವುದಿಲ್ಲ. ನನಗೆ ಒಳಗೊಳಗೇ ಸಂತೋಷವಾಯಿತು. ಮೌಲಾಸಾಬರು ಅವರಿಗೆ ಚಹಾ ಕುಡಿಸಿ ಕಳಿಸಿಬಿಟ್ಟರು.

"ಕುಣ್ಯಾಕ ಬರ್ತೀವಿ, ಅಳಾಕ ಬರೂದಿಲ್ಲ ಅಂದ್ರ ಊರಾಗ ಹೆಂಗ ಇರೂದು ಮಾಸ್ತರ?" ಎಂದರು ನನಗೆ.

ನಾನು ಹೂಂ ಎಂದೆ. ಆ ಹೂಂ ಪೂರ್ತಿ ಮನಸ್ಸಿನದಲ್ಲ.

ಈ ನಡುವೆ ಅಪ್ಪನ ನೋಟಿಗೆ ಒಂದು ಗತಿಯಾಯಿತು. ಮಾಲಿಂಗಪ್ಪನವರಾದ ಮೇಲೆ ಇನ್ನೊಬ್ಬ ಹಿರಿಯರು ಹೋದರು. ಮನೆಯವರು "ಮಾಲಿಂಗಪ್ಪನವರಿಗೆ ಬಾರಿಸಿದ್ರಲ್ಲ, ಅದ ಧಾಟಿ ಬೇಕು" ಎಂದರು. ಆಮೇಲೆ ನವಲಗುಂದದಿಂದ ಕರೆ ಬಂತು, ತಿರ್ಲಾಪುರದಿಂದ ಬಂತು. ತುಂಬು ಬಾಳು ಬಾಳಿ ಹೋದವರಿಗೆ ಅದೇ ಧಾಟಿ ಎಂಬುದು ನಾಲ್ಕಾರು ಊರಿಗೆ ಪದ್ಧತಿಯೇ ಆಗಿಬಿಟ್ಟಿತು. ಅದು ಕೇಳಿಸಿದರೆ ಅಂಗಡಿಯವರು ತಕ್ಕಡಿ ಬಿಟ್ಟು ಎದ್ದು ನಿಲ್ಲುತ್ತಿದ್ದರು. ಹೆಂಗಸರು ಸೆರಗು ಮುಖಕ್ಕೆ ಹಿಡಿಯುತ್ತಿದ್ದರು. ಒಂದು ಮದುವೆಯಲ್ಲಿ ನಾನು ಮರೆತು ಅದನ್ನು ಎತ್ತಿಕೊಂಡಾಗ ಢೋಲಿನವನು ಕೋಲಿನಿಂದ ನನ್ನ ಮೊಣಕೈಗೆ ಹೊಡೆದ.

ಊರಿಗೆ ಬರೆಯುವಾಗ ಇದನ್ನು ಹೇಗೆ ಬರೆಯಲಿ? 'ನಿಮ್ಮ ನೋಟು ಇಲ್ಲಿ ಎಲ್ಲರಿಗೂ ಬಹಳ ಹಿಡಿಸಿದೆ, ಸುತ್ತಲ ನಾಲ್ಕಾರು ಊರಿನವರು ಕೇಳಿ ಕೇಳಿ ನುಡಿಸಿಕೊಳ್ಳುತ್ತಾರೆ' ಎಂದು ಬರೆದೆ. ಅದರಲ್ಲಿ ಸುಳ್ಳಿನ ಒಂದಕ್ಷರವೂ ಇರಲಿಲ್ಲ. ಅಪ್ಪ ಆ ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡು ಊರೆಲ್ಲ ತೋರಿಸಿದನೆಂದು ತಂಗಿ ಪದ್ಮ ಬರೆದಳು. ಓದಿ ಆ ಕಾಗದವನ್ನು ಟ್ರಂಕಿನ ತಳಕ್ಕೆ ತುರುಕಿದೆ.

ಹೀಗೇ ಆರು ವರ್ಷ ಕಳೆಯಿತು. ಆರನೆಯ ವರ್ಷ ಪದ್ಮಳ ಮದುವೆ ನಿಶ್ಚಯವಾಯಿತು. ಗಂಡು ಶಿಡ್ಲಘಟ್ಟದವನು. ಅಪ್ಪ ಬರೆದ: 'ಬೀಗರನ್ನು ಎದುರುಗೊಳ್ಳುವಾಗ ನೀನೇ ಮುಂದೆ ನಿಂತು ನಮ್ಮ ನೋಟು ನುಡಿಸಬೇಕು. ನಾನು ಪಕ್ಕದಲ್ಲಿರುತ್ತೇನೆ. ನಿಮ್ಮ ಸಾಬರನ್ನೂ ಮನೆಯ ಒಡತಿಯನ್ನೂ ಕರೆದುಕೊಂಡು ಬಾ.'

ಹತ್ತು ವರ್ಷ ಜಾಲರಿ ತಟ್ಟಿದವನನ್ನು ಅಪ್ಪ ಮುಂದೆ ನಿಲ್ಲಲು ಕರೆದಿದ್ದ. ಬರುತ್ತೇನೆಂದು ಬರೆದೆ. ನಿಜ ಹೇಳಿದರೆ ಆ ಜಾಗ ಹೋಗುತ್ತದೆ. ಹೇಳದಿದ್ದರೆ, ಸಾವಿಗೆ ನುಡಿದ ವಾದ್ಯವನ್ನು ಹಿಡಿದು ತಂಗಿಯ ಮದುವೆಯ ಬಾಗಿಲಲ್ಲಿ ನಿಲ್ಲಬೇಕು. ನನಗೇ ಆ ಶಾಸ್ತ್ರದಲ್ಲಿ ನಂಬಿಕೆ ಹೋಗಿತ್ತೋ ಉಳಿದಿತ್ತೋ ಗೊತ್ತಿಲ್ಲ. ತಂಗಿಯ ವಿಷಯ ಬಂದರೆ ಹೋದ ನಂಬಿಕೆಯೂ ಎದ್ದು ಬರುತ್ತದೆ.

"ದೂರ ಆಗುತ್ತೆ ಅಮ್ಮಾ, ನಿಮಗೆ ಸುಮ್ಮನೆ ತ್ರಾಸು" ಎಂದು ಗಂಗವ್ವನಿಗೆ ಹೇಳಿ ನೋಡಿದೆ.

"ನಿನ್ನ ತಂಗಿ ಅಂದ್ರ ನನಗ ಮಗಳಲ್ಲೇನು? ತ್ರಾಸಂತ ತ್ರಾಸು!" ಎಂದು ಶೇಂಗಾ ಹೋಳಿಗೆ ಮಾಡಲು ಕೂತರು. ಮೌಲಾಸಾಬರು ನವಲಗುಂದಕ್ಕೆ ಹೋಗಿ ಮದುಮಕ್ಕಳಿಗೆಂದು ಒಂದು ಜಮಖಾನೆ ಹೇಳಿ ನೇಯಿಸಿ ತಂದರು.

ಹುಬ್ಬಳ್ಳಿಯಿಂದ ಬೆಂಗಳೂರಿನವರೆಗೂ ರೈಲಿನಲ್ಲಿ ಅವರಿಬ್ಬರ ಎದುರಿಗೆ ಕೂತಿದ್ದೆ. ನಮ್ಮಲ್ಲಿ ಸಾವಿಗೆ ಬ್ಯಾಂಡು ಬಾರಿಸುವುದು ದೋಷ, ಅಲ್ಲಿ ಆ ಮಾತು ಎತ್ತಬೇಡಿ ಎಂದು ಎರಡು ವಾಕ್ಯ ಹೇಳಿದ್ದರೆ ಸಾಕಿತ್ತು. ಪ್ರತಿ ಸ್ಟೇಷನ್ನಿಗೂ ಮುಂದಿನ ಸ್ಟೇಷನ್ನಿನಲ್ಲಿ ಹೇಳೋಣ ಎಂದುಕೊಂಡೆ. ಆರು ವರ್ಷ ಅವರ ಅನ್ನ ತಿಂದು, ನೀವು ಮಾಡುವುದು ನಮ್ಮ ಮನೆಯಲ್ಲಿ ಕೀಳು ಎಂದು ಹೇಗೆ ಹೇಳುವುದು? ಬೆಂಗಳೂರು ಬಂದೇಬಿಟ್ಟಿತು.

ಮದುವೆಯ ದಿನ ಬೆಳಿಗ್ಗೆ ಅಪ್ಪನಿಗೆ ಹೇಳಿದೆ: "ಅಪ್ಪ, ಇವತ್ತು ಬೇರೆ ನೋಟು ನುಡಿಸೋಣ. ಹೊಸದು ಒಂದು ಕಲಿತಿದೀನಿ."

"ಮನೆ ಮಗಳಿಗೆ ಮನೆ ನೋಟಲ್ಲದೆ ಇನ್ಯಾವುದೋ?" ಎಂದು ನಕ್ಕ. ಅಲ್ಲಿಗೆ ಮುಗಿಯಿತು.

ಬೀಗರ ವ್ಯಾನು ಛತ್ರದ ಮುಂದೆ ನಿಂತಿತು. ಆರತಿ ತಟ್ಟೆ ಹಿಡಿದು ಹೆಂಗಸರು ಬಾಗಿಲಿಗೆ ಬಂದರು. ಗಂಡು ಇಳಿದ. ನಾನು ಉಸಿರೆಳೆದು ಎತ್ತಿಕೊಂಡೆ, ಅಪ್ಪ ಜೊತೆಗೂಡಿದ. ಆರು ವರ್ಷದ ನಂತರ ಅಪ್ಪನ ಪಕ್ಕ. ಹೇಳಬಾರದು, ಆದರೂ ಹೇಳುತ್ತೇನೆ: ಆ ಒಂದು ನಿಮಿಷ ನನಗೆ ಭಯವೆಲ್ಲ ಮರೆತುಹೋಗಿತ್ತು.

ಆಗ ಬಾಗಿಲ ಬಲಗಡೆಯ ಕುರ್ಚಿಗಳ ಕಡೆ ಕಣ್ಣು ಹೋಯಿತು. ಮೌಲಾಸಾಬರು ಎದ್ದು ನಿಂತಿದ್ದರು. ತಲೆ ತಗ್ಗಿಸಿದ್ದರು, ಕೈ ಎದೆಯ ಮುಂದೆ ಜೋಡಿಸಿದ್ದರು. ಅವರಿಗೆ ತಾವು ನಿಂತದ್ದೇ ಅರಿವಿರಲಿಲ್ಲವೆಂದು ಕಾಣುತ್ತದೆ. ಪಕ್ಕದಲ್ಲಿ ಗಂಗವ್ವ ಸೆರಗು ಮುಖಕ್ಕೆ ಹಿಡಿದಿದ್ದರು, ಭುಜ ಕುಲುಕುತ್ತಿತ್ತು. ತಡೆದು ತಡೆದು, ಆಗದೆ, ದನಿ ತೆಗೆದು ಅತ್ತುಬಿಟ್ಟರು.

ಆರತಿಯ ಮುಂದೆ ನಿಂತಿದ್ದ ಗಂಡಿನ ಸೋದರತ್ತೆ ತಿರುಗಿ ನೋಡಿದರು. "ಯಾರಮ್ಮಾ ಅದು, ಹುಡುಗ ಹೊಸಿಲು ದಾಟೋ ಹೊತ್ತಲ್ಲಿ ಅಳ್ತಿರೋದು?" ಎಂದರು. ಆಮೇಲೆ ಗಂಗವ್ವನ ತಾಳಿಯಿಲ್ಲದ ಬರಿ ಕೊರಳು ಕಂಡಿತು. ಸೋದರತ್ತೆಯ ದನಿ ಏರಿತು. "ಇಂಥವರನ್ನ ಬಾಗಿಲಲ್ಲಿ ಕೂರಿಸಿದ್ದು ಯಾರು?" ಗಂಡು ಎತ್ತಿದ ಕಾಲನ್ನು ಹಿಂದಕ್ಕೆ ತೆಗೆದುಕೊಂಡ. ಅವನ ತಂದೆ ಮುಂದೆ ಬಂದು ಮಗನ ತೋಳು ಹಿಡಿದರು.

ಮಾತಾಡಬೇಕಾಗಿದ್ದವನು ನಾನು, ನನ್ನ ಬಾಯಿಯಲ್ಲಿ ಕ್ಲಾರಿನೆಟ್ಟು. ನಡುವೆ ನಿಲ್ಲಿಸಿದರೆ ಅದು ಇನ್ನೊಂದು ಅಪಶಕುನ. ನುಡಿಸುತ್ತಲೇ ಇದ್ದೆ. ಅಪ್ಪನೂ ನುಡಿಸುತ್ತಲೇ ಗಂಗವ್ವನನ್ನು ನೋಡುತ್ತಿದ್ದ. ಒಳಗೆ ಪದ್ಮ ಹಸೆಯ ಮೇಲೆ ಕೂತಿದ್ದಳು.

ಗಂಗವ್ವ ಸೆರಗು ತೆಗೆದರು. ಸುತ್ತಲಿನ ಮುಖಗಳನ್ನು ನೋಡಿದರು, ನನ್ನನ್ನು ನೋಡಿದರು. ಎಷ್ಟು ಬೇಗ ತಿಳಿದುಕೊಂಡರೋ ದೇವರೇ ಬಲ್ಲ. ಕಣ್ಣೊರೆಸಿ ಎದ್ದು ನೇರ ಆ ಸೋದರತ್ತೆಯ ಮುಂದೆ ಹೋದರು.

"ಬೀಗತಿ, ಅಳೂದಲ್ರಿ ಇದು. ನೆನಪಾತ್ರಿ. ನನ್ನ ಮದುವ್ಯಾಗ ನಮ್ಮನಿಯವ್ರು ಬಾಗಲಿಗೆ ಬಂದಾಗ ಇದ ಧಾಟಿ ಬಾರಿಸಿದ್ರು. ನಲವತ್ತ ವರ್ಷ ಒಂದ ದಿನಾ ನನ್ನ ಕೈ ಬಿಡಲಿಲ್ರಿ. ಅಂಥಾ ಬಾಳೇವು ನಿಮ್ಮ ಹುಡುಗಗೂ ಬರ್ಲಿ. ಬರೂ ಕಾಲು ಹಿಂದ ತಗೀಬಾರದ್ರಿ, ಒಳಗ ಕರೀರಿ."

ಆ ಕಡೆಯ ಮಾತು ಬೀಗರಿಗೆ ಹೊಸದು, ಆದರೆ ನಲವತ್ತು ವರ್ಷ ಎಂಬುದು ಎಲ್ಲರಿಗೂ ತಿಳಿಯಿತು. ಸೋದರತ್ತೆಯ ಮುಖ ಸಡಿಲವಾಯಿತು. "ಒಳ್ಳೆ ಬಾಳೇ ಬಾಳಿದೀಯ ತಾಯಿ" ಎಂದರು. ನಮ್ಮ ಹೆಂಗಸರು ಆರತಿ ಎತ್ತಿದರು. ಗಂಡು ಹೊಸಿಲು ದಾಟಿದ. ಗಂಗವ್ವ ಯಾರೂ ಹೇಳದೆಯೇ ಹಿಂದೆ ಹೋಗಿ ಅಡಿಗೆಯವರ ಜೊತೆ ಕೂತರು. ಧಾರೆ ಮುಗಿಯುವವರೆಗೂ ಹೊರಗೆ ಬರಲಿಲ್ಲ.

ಮಾರನೆಯ ಬೆಳಿಗ್ಗೆ ನಮ್ಮನ್ನು ಬಸ್ಸಿಗೆ ಹತ್ತಿಸಲು ಅಪ್ಪ ಬಂದ. ಅವರಿಬ್ಬರೂ ಹತ್ತಿ ಕೂತ ಮೇಲೆ ನನ್ನನ್ನು ಬಸ್ಸಿನ ಹಿಂದಕ್ಕೆ ಕರೆದ.

"ಆಯಮ್ಮನ ಮದುವೆ ಆಗಿ ಎಷ್ಟು ವರ್ಷ ಅಂದ್ರು?"

"ನಲವತ್ತು ವರ್ಷ ಸಂಸಾರ ಮಾಡಿದ್ರು. ಯಜಮಾನರು ಹೋಗಿ ಆರು ವರ್ಷ."

"ಆ ನೋಟು ನಾನು ಕಟ್ಟಿ ಇಪ್ಪತ್ತೊಂದು ವರ್ಷ" ಎಂದ ಅಪ್ಪ.

ಇಷ್ಟು ಹೊತ್ತಿಗೆ ಸುಳ್ಳು ಹೇಳುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ರೈಲಿಳಿದ ದಿನದಿಂದ ಹಿಡಿದು ಎಲ್ಲ ಹೇಳಿದೆ. ಅಪ್ಪ ಬಸ್ಸಿನ ಏಣಿ ಹಿಡಿದು ಕೇಳಿದ. ಬೈಯುತ್ತಾನೆಂದು ಕಾದೆ.

"ಎಷ್ಟು ಜನಕ್ಕೆ ನುಡಿಸಿದೀಯ?"

"ಲೆಕ್ಕ ಇಟ್ಟಿಲ್ಲಪ್ಪ. ನಲವತ್ತು ಐವತ್ತು ಆಗಿರಬೇಕು."

"ಎಲ್ಲಾ ಎದ್ದು ನಿಂತ್ಕೋತಾರಾ? ನಿನ್ನೆ ಆ ಸಾಬರು ನಿಂತ ಹಾಗೆ?"

"ನಿಂತ್ಕೋತಾರೆ."

ಅಪ್ಪ ಏಣಿಯಿಂದ ಕೈ ತೆಗೆದ. "ಇಪ್ಪತ್ತೊಂದು ವರ್ಷದಲ್ಲಿ ಇಲ್ಲಿ ಒಬ್ಬ ಬೀಗನೂ ಅದನ್ನ ನಿಂತು ಕೇಳಲಿಲ್ಲ ಕಣೋ. ಒಳಗೆ ಹೋಗೋ ಅವಸರ ಅವರಿಗೆ" ಎಂದ. ಆಮೇಲೆ ದನಿ ಗಟ್ಟಿಯಾಯಿತು. "ಇನ್ನು ಇಲ್ಲಿ ಅದನ್ನ ನುಡಿಸಲ್ಲ. ನಿನ್ನ ಚಿಕ್ಕಪ್ಪನಿಗೂ ಹೇಳ್ತೀನಿ. ಆ ಕ್ಲಾರಿನೆಟ್ಟೂ ಈ ಕಡೆ ತರಬೇಡ. ನೀನು ಬಾ, ಅದು ಬೇಡ." ಬಸ್ಸು ಗುರುಗುಟ್ಟಿತು. ನಾನು ಹತ್ತುವಾಗ ಹಿಂದಿನಿಂದ ಮತ್ತೆ ಕೂಗಿದ: "ಅಲ್ಲಿ ಮಾತ್ರ ನಿಲ್ಲಿಸಬೇಡ. ಎರಡನೇ ಸಾಲಲ್ಲಿ ಓಡ್ತೀಯ ನೀನು. ಹೋಗೋರಿಗೆ ಏನು ಅವಸರ, ನಿಧಾನವಾಗಿ ನುಡಿಸು."

ಹಿಂದಿರುಗುವ ರೈಲಿನಲ್ಲಿ ಅವರಿಬ್ಬರಿಗೂ ನಮ್ಮ ಮನೆಯ ಕಟ್ಟನ್ನು ಹೇಳಿದೆ. ಗಂಗವ್ವ ಹೆಚ್ಚು ಬೈಯಲಿಲ್ಲ. "ಹೇಳಿದ್ರ ನಾ ಮೊದಲ ಒಳಗ ಕುಂದರ್ತಿದ್ನೆಪಾ, ಬಾಯಿ ಬಿದ್ದಿತ್ತೇನು?" ಎಂದು ಉಳಿದ ಹೋಳಿಗೆ ಬಿಚ್ಚಿ ಕೊಟ್ಟರು. ಮೌಲಾಸಾಬರು ಮಾತ್ರ ಹಾವೇರಿ ದಾಟುವವರೆಗೂ ಕಿಟಕಿಯ ಹೊರಗೆ ನೋಡುತ್ತಿದ್ದರು. ಆಮೇಲೆ ಹೇಳಿದರು:

"ಆರ ವರ್ಷ ನಮ್ಮ ಜೋಡಿ ಬಾರಿಸಿದ್ರಿ. ನಾವು ಮಾಡೂದು ನಿಮಗ ನಾಚಿಕಿ ಅನಸ್ತಿತ್ತು ಅಂತ ಒಂದ ದಿನಾ ಗೊತ್ತಾಗಗೊಡಲಿಲ್ಲಲ್ರೀ ಮಾಸ್ತರ."

ಲೇ ಎನ್ನಲಿಲ್ಲ, ಮಗನ ಎನ್ನಲಿಲ್ಲ. ಮೊದಲ ದಿನದಂತೆ ರೀ ಹಚ್ಚಿ ಮಾತಾಡಿದರು. ಅದಕ್ಕಿಂತ ದೊಡ್ಡ ಬೈಗುಳ ನನಗೆ ಅಣ್ಣಿಗೇರಿಯಲ್ಲಿ ಯಾರೂ ಬೈದಿಲ್ಲ. ತಪ್ಪಾಯಿತು ಎಂದೆ. ಮತ್ತೆ ಲೇ ಎನ್ನಲು ಅವರು ಮೂರು ತಿಂಗಳು ತೆಗೆದುಕೊಂಡರು. ಅಂದು ನಾನು ಬಚ್ಚಲಿಗೆ ಹೋಗಿ ಅತ್ತೆ.

ಈಗಲೂ ವರ್ಷಕ್ಕೊಮ್ಮೆ ಊರಿಗೆ ಬರುತ್ತೇನೆ, ಕ್ಲಾರಿನೆಟ್ಟನ್ನು ಇಲ್ಲೇ ಬಿಟ್ಟು, ಕೈ ಬೀಸಿಕೊಂಡು. ಪದ್ಮ ಚೆನ್ನಾಗಿದ್ದಾಳೆ, ಎರಡು ಮಕ್ಕಳು. ಚಿಕ್ಕಪ್ಪ ಬೀಗರಿಗೆ ಈಗ ಯಾವುದೋ ಸಿನಿಮಾ ಹಾಡು ನುಡಿಸುತ್ತಾನೆ. ನಾನು ಪಕ್ಕದಲ್ಲಿ ನಿಂತು ಕೇಳುತ್ತೇನೆ, ಊದಲು ಯಾರೂ ಕರೆಯುವುದಿಲ್ಲ. ಎರಡು ದಿನ ಮುದ್ದೆ ಉಂಡು ಸುಖಪಡುತ್ತೇನೆ, ಮೂರನೆಯ ದಿನ ದವಡೆ ರೊಟ್ಟಿ ಕೇಳುತ್ತದೆ. ಅಣ್ಣಿಗೇರಿಗೆ ಮರಳಿದರೆ ಚಹಾದಂಗಡಿಯಲ್ಲಿ "ಏನ್ರಿ, ಮೈಸೂರಿಗೆ ಹೋಗಿ ಬಂದ್ರಿ?" ಎಂದು ಕೇಳುತ್ತಾರೆ. ಹೌದ್ರಿ ಅನ್ನುತ್ತೇನೆ. ಚಿಂತಾಮಣಿಯಲ್ಲಿ ಯಾರಾದರೂ ಹಿರಿಯರು ಅಪ್ಪನ ಹಳೆಯ ನೋಟನ್ನು ಇನ್ನೊಮ್ಮೆ ಕೇಳಬೇಕೆಂದರೆ ಇಲ್ಲಿಗೇ ಬರಬೇಕು. ಬನ್ನಿ, ಗಂಗವ್ವನ ಮನೆಯಲ್ಲಿ ಇಳಿದುಕೊಳ್ಳಲು ಜಾಗವಿದೆ. ಬಂದ ದಿನವೇ ಕೇಳಿಸುತ್ತೇನೆಂದು ಮಾತ್ರ ಹೇಳಲಾರೆ, ಅದಕ್ಕೆ ಈ ಊರಿನಲ್ಲಿ ಯಾರಾದರೊಬ್ಬರು ಹೋಗಬೇಕು.